ತಕ್ಕಡಿ ಅಕ್ಕನ ಸೂಜಿಗೀರು

ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಪಾರ್ಸೆಲ್ ತೂಗಿ ನಿವೃತ್ತಳಾದ ಮೇಲೂ ಆಕೆಯ ಕೈ ತೂಗುವ ಚಾಳಿ ಬಿಡಲಿಲ್ಲ. ಸೋಪು, ಬೀಗ, ಗಂಡನ ಕನ್ನಡಕ, ಕೈಗೆ ಸಿಕ್ಕಿದ್ದನ್ನೆಲ್ಲ ಅಂಗೈಯಲ್ಲಿ ಕುಣಿಸಿ "ಇಪ್ಪತ್ತೆಂಟು ಗ್ರಾಂ" ಎಂದುಬಿಡುವಳು. ಬೀದಿಯವರು ತಕ್ಕಡಿ ಅಕ್ಕ ಎಂದು ಕರೆದರು, ಆಕೆ ಓಗೊಟ್ಟಳು. ಸುಮ್ಮನೆ ಕೂರುವ ಜೀವ ಅದಲ್ಲ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಬ್ಯಾಟರಿ ರಿಪೇರಿಗೆ ಕೂತಳು. ಟಾರ್ಚಿನದಾಗಲಿ ಸೈಕಲ್ಲಿನದಾಗಲಿ, ಬ್ಯಾಟರಿ ಬಿಚ್ಚಿದರೆ ಒಳಗೆ ಸಾಲಾಗಿ ನಿಂತಿರುವುದು ಹೆಬ್ಬೆರಳು ಗಾತ್ರದ ಲಿಥಿಯಂ ಸೆಲ್ಲುಗಳು. ಸತ್ತದ್ದನ್ನು ತೆಗೆದು ಹೊಸದನ್ನು ಕೂರಿಸಬೇಕು. ಆದರೆ ಆ ಹೊಸದು ಅಸಲಿಯೋ ನಕಲಿಯೋ? ಆಕೆಯ ಕುತೂಹಲವೆಲ್ಲ ಆ ಪ್ರಶ್ನೆಗೆ ಗಂಟುಬಿತ್ತು.

ಮೊದಲು ಎಷ್ಟು ಚಾರ್ಜು ಹಿಡಿಸುತ್ತದೆಂದು ಸೆಲ್ಲಿನ ಮೈಮೇಲೆ ಬರೆದ ಸಂಖ್ಯೆ ಓದುವಳು. ನಾಲ್ಕು ಸಾವಿರ ಹಿಡಿಸುವುದೇ ಕಷ್ಟವಾದ ಗಾತ್ರದ ಮೇಲೆ ಒಂಬತ್ತು ಸಾವಿರ ಎಂದು ಬರೆದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುವಳು. "ಚೊಂಬಲ್ಲಿ ಬಾವೀನೇ ತುಂಬ್ಕೊಂಡು ಬಂದಿದಾನೆ, ನೋಡ್ರೀ!" ಆಮೇಲೆ ತೂಕ. ಆಕೆ ಬಳಸುವ ಅಸಲಿ ಸೆಲ್ಲು ನಲವತ್ತಾರು ಗ್ರಾಂ ತೂಗಬೇಕು. ನಕಲಿಯದು ಒಳಗೆ ಪುಟ್ಟ ಸೆಲ್ಲು, ಸುತ್ತ ಬರೀ ಟೊಳ್ಳು. ಟೊಳ್ಳಿಗೆ ಮರಳು ತುಂಬಿ ತೂಕ ಸರಿದೂಗಿಸುವ ಕಿಲಾಡಿಗಳೂ ಇದ್ದರು. ಅವರಿಗೆಂದೇ ಗಂಡನ ಹಳೆಯ ಡ್ರಾಯಿಂಗ್ ಹಲಗೆಯನ್ನು ಓರೆಯಾಗಿ ನಿಲ್ಲಿಸಿದ್ದಳು. ಅಸಲಿ ಅದರ ಮೇಲೆ ಸಲೀಸಾಗಿ ಉರುಳುತ್ತದೆ, ಮರಳು ತುಂಬಿದ್ದು ತಡವರಿಸುತ್ತದೆ.

ಕೊನೆಯ ಪರೀಕ್ಷೆಯೊಂದಿತ್ತು: ಪೂರ್ತಿ ಚಾರ್ಜು ಮಾಡಿ ಬಲ್ಬಿಗೆ ಕಟ್ಟಿ, ಎಷ್ಟು ಹೊತ್ತು ಉರಿಯುತ್ತದೆಂದು ನೋಡುವುದು. ಅದಕ್ಕೆ ಇಡೀ ದಿನ ಹಿಡಿಯುತ್ತದೆ. ಕೈಯ ಮೇಲೆ ನಂಬಿಕೆ ಬೆಳೆದಂತೆ ಆ ಪರೀಕ್ಷೆ ಮೂಲೆ ಸೇರಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಟ ತಕ್ಕಡಿ ಅಕ್ಕನಿಗೂ ಇತ್ತು.

ಇನ್ನೊಂದು ಶಿಸ್ತಿತ್ತು. ಸತ್ತ ಸೆಲ್ಲು ಹೊಸದರ ಜೊತೆ ಬೆರೆಯಬಾರದೆಂದು ಅದರ ಪ್ಲಾಸ್ಟಿಕ್ ಹೊದಿಕೆ ಸುಲಿದು, ಬರಿಯ ಉಕ್ಕಿನ ಮೇಲೆ ಸೂಜಿಯಿಂದ ಪುಟ್ಟ ತಕ್ಕಡಿ ಗೀರುವಳು: ಒಂದು ಅಡ್ಡಗೆರೆ, ಎರಡು ಇಳಿಗೆರೆ. ಆಮೇಲೆ ಗುಜರಿಯವನ ಡಬ್ಬಿಗೆ.

ಆ ವರ್ಷ ಆಕೆಯ ಅಣ್ಣನ ಶ್ವಾಸಕೋಶ ಸೋತಿತು. ಹೆಂಡತಿ ತೀರಿಕೊಂಡ ಮೇಲೆ ಅವನು ತಂಗಿಯ ಮನೆಯ ಮಹಡಿಯ ಕೋಣೆಯಲ್ಲೇ ಇದ್ದ. ಆಸ್ಪತ್ರೆಯವರು ಉಸಿರಾಟದ ಯಂತ್ರ ಕೊಟ್ಟು ಮನೆಗೆ ಕಳಿಸುವುದೆಂದಾಯಿತು. ಕರೆಂಟು ಹೋದರೆ ಯಂತ್ರ ನಡೆಯಲು ಬ್ಯಾಟರಿ ಬೇಕು. "ನಾನೇ ಕಟ್ತೀನಿ" ಎಂದಳು ತಂಗಿ. ಪೇಟೆಯ ಅಂಗಡಿಯಿಂದ ಹನ್ನೆರಡು ಹೊಸ ಸೆಲ್ಲು ತಂದಳು. ತೂಕ ಕರಾರುವಾಕ್ಕು, ಹಲಗೆಯ ಮೇಲೆ ಮದುಮಕ್ಕಳ ಹಾಗೆ ಗಂಭೀರವಾಗಿ ಇಳಿದವು. ಭೂತಗನ್ನಡಿಯಲ್ಲಿ ನೋಡಿದಾಗ ತುದಿಗಳಲ್ಲಿ ಏನೋ ಉಜ್ಜಿದ ಗುರುತು. ಸಾಗಾಟದಲ್ಲಿ ಆಗಿರಬೇಕು ಎಂದುಕೊಂಡಳು. ಅಣ್ಣ ಮಾರನೆಯ ದಿನವೇ ಬರುವವನಿದ್ದ.

"ಬಲ್ಬಿಗೆ ಕಟ್ಟಿ ನೋಡಲ್ವಾ?" ಗಂಡ ಕೇಳಿದ.

"ಮೂವತ್ತು ವರ್ಷದಲ್ಲಿ ಈ ಕೈ ಒಂದು ಸಲಾನೂ ಸುಳ್ಳು ಹೇಳಿಲ್ಲ."

"ಕೈ ಹೇಳಿಲ್ಲ, ಸರಿ. ಸೆಲ್ಲು ಹೇಳಿದ್ರೆ?"

"ನೀವು ನಿಮ್ಮ ಪೇಪರ್ ಓದಿ!"

ಆರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ನಾಲ್ಕು ಗಂಟೆ ನಡೆಯಬೇಕಿದ್ದ ಬ್ಯಾಟರಿ ನಲವತ್ತನೆಯ ನಿಮಿಷಕ್ಕೆ ಕೀಚಲು ದನಿಯಲ್ಲಿ ಕೂಗಿಕೊಂಡು ಸುಮ್ಮನಾಯಿತು. ಗಂಡ ಆಂಬುಲೆನ್ಸಿಗೆ ಫೋನು ಹಿಡಿದ. ಅಣ್ಣ ತುಟಿ ಮುಂದೆ ಮಾಡಿ ಒಂದೊಂದೇ ಉಸಿರನ್ನು ಎಳೆದು ತರುತ್ತಿದ್ದ. ತಂಗಿಯ ಮಣಿಕಟ್ಟು ಹಿಡಿದವನು ಬಿಡಲಿಲ್ಲ. ಹನ್ನೊಂದು ನಿಮಿಷದ ಮೇಲೆ, ಆಂಬುಲೆನ್ಸಿಗೂ ಮೊದಲೇ, ಕರೆಂಟು ಬಂತು. ಅಣ್ಣನ ತುಟಿಗೆ ಬಣ್ಣ ಮರಳಿದ ಮೇಲೆ ಆಕೆ ಕೆಳಗಿಳಿದು, ಮೆಟ್ಟಿಲ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು.

ಅತ್ತು ಮುಗಿಸಿ ಬ್ಯಾಟರಿ ಬಿಚ್ಚಿದಳು. ಒಳಗೆ ಮರಳಿಲ್ಲದೆ, ತೂಕ ಸರಿಯಿದ್ದೂ, ಇದು ಹೇಗೆ ಸತ್ತಿತು? ಒಂದು ಸೆಲ್ಲಿನ ಹೊಳೆಯುವ ಹಸಿರು ಹೊದಿಕೆಯನ್ನು ಜೋಪಾನವಾಗಿ ಸೀಳಿ ಸುಲಿದಳು. ಉಕ್ಕಿನ ಮೇಲೆ ಒಂದು ಅಡ್ಡಗೆರೆ, ಎರಡು ಇಳಿಗೆರೆ.

ಇನ್ನೊಂದು ಸುಲಿದಳು, ಮತ್ತೊಂದು ಸುಲಿದಳು. ಹನ್ನೆರಡರಲ್ಲಿ ಏಳು ಆಕೆಯವೇ. ಗುಜರಿ ಸೇರಿದ ಸತ್ತ ಸೆಲ್ಲುಗಳಿಗೆ ಯಾರೋ ತುದಿಯ ಬೆಸುಗೆ ಉಜ್ಜಿ, ಹೊಸ ಬಟ್ಟೆ ತೊಡಿಸಿ ಪೇಟೆಗೆ ಬಿಟ್ಟಿದ್ದರು. ಹಳೆಯ ಬಟ್ಟೆ ಬಿಚ್ಚುವ ಕಷ್ಟವನ್ನೂ ಆಕೆ ಅವರಿಗೆ ತಪ್ಪಿಸಿದ್ದಳು. ಸತ್ತ ಸೆಲ್ಲಿಗೂ ಜೀವಂತ ಸೆಲ್ಲಿಗೂ ತೂಕ ಒಂದೇ ಎಂಬುದು ಗೊತ್ತಿದ್ದೂ ಆಕೆಗೆ ಹೊಳೆದಿರಲಿಲ್ಲ.

ಮೇಲೆ ಹೋಗಿ ಅಣ್ಣನೆದುರು ಏಳನ್ನೂ ಸಾಲಾಗಿ ಇಟ್ಟಳು. "ಅಣ್ಣಾ, ತಪ್ಪು ನಂದೇ. ಬಲ್ಬಿಗೆ ಕಟ್ಟಿ ನೋಡ್ಲಿಲ್ಲ."

ಅಣ್ಣ ಒಂದನ್ನು ಎತ್ತಿ ಗೀರು ನೋಡಿದ. "ಚಿಕ್ಕೋಳಿದ್ದಾಗ... ನನ್ನ ಪುಸ್ತಕದ ತುಂಬಾ... ಹೀಗೇ ಗೀಚ್ತಿದ್ದೆ" ಎಂದು ಉಸಿರು ತೆಗೆದುಕೊಂಡ. "ಸರಿ. ಈಗ ಬಲ್ಬು... ಇಲ್ಲೇ ತಂದು ಕಟ್ಟು. ನಾನು ನೋಡ್ತೀನಿ. ನಂಗೇನು... ಬೇರೆ ಕೆಲಸ?"

ಆಕೆ ಗುಜರಿಯವನಿಗೆ ಸೆಲ್ಲು ಕೊಡುವುದನ್ನು ನಿಲ್ಲಿಸಿದಳು. ಕರಗಿಸುವ ಕಾರ್ಖಾನೆಗೆ ತಾನೇ ಒಯ್ದು, ಪುಡಿ ಮಾಡುವ ಯಂತ್ರಕ್ಕೆ ಬೀಳುವತನಕ ನಿಂತು ನೋಡಿ ಬರುವಳು. ಬೇರೆ ಅಂಗಡಿಯಿಂದ ಹೊಸ ಸೆಲ್ಲು ತಂದು ಒಂದೊಂದನ್ನೂ ಅಣ್ಣನ ಮಂಚದ ಪಕ್ಕ ಬಲ್ಬಿಗೆ ಕಟ್ಟಿದಳು. ಅವನು ದಿಂಬಿಗೊರಗಿ ಗಂಟೆಗೊಮ್ಮೆ ಮೀಟರು ಓದಿ ಬರೆದುಕೊಂಡ. ನಾಲ್ಕನ್ನು ಫೇಲು ಮಾಡಿದ. ಹೀಗೆ ಮೂರು ವಾರದ ಮೇಲೆ ಹೊಸ ಬ್ಯಾಟರಿ ತಯಾರಾಯಿತು. ಅದುವರೆಗೆ ಆಸ್ಪತ್ರೆಯಿಂದ ಎರವಲು ತಂದ ಬ್ಯಾಟರಿ ಕಾವಲಿಗಿತ್ತು.

ಮತ್ತೊಂದು ಮಧ್ಯಾಹ್ನ ಕರೆಂಟು ಹೋಯಿತು. ಅಣ್ಣ ಕೈ ಚಾಚಿ ತಂಗಿಯ ಮಣಿಕಟ್ಟು ಹಿಡಿದ. ಆಕೆ ಮಂಚದಂಚಿಗೆ ಕೂತಳು. ಇಬ್ಬರ ಕಣ್ಣೂ ಗೋಡೆ ಗಡಿಯಾರದ ಮೇಲಿತ್ತು. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಯಂತ್ರ ತನ್ನ ಪಾಡಿಗೆ ಉಸಿರು ತಳ್ಳುತ್ತಲೇ ಇತ್ತು. ನಲವತ್ತೊಂದನೆಯ ನಿಮಿಷಕ್ಕೆ ಅಣ್ಣ ಅವಳ ಕೈ ಬಿಟ್ಟು, "ಆ ಕನ್ನಡಕ ಕೊಡು, ಪೇಪರ್ ಓದ್ತೀನಿ" ಎಂದ.