ಹೋಟೆಲ್ ಇದ್ದ ಊರಿಗೆ ಹಾಕಿದ ಅರ್ಜಿ

ಪುಣೆಯಲ್ಲಿ ಬಿಟ್ಟಿ ಸಿಕ್ಕಿದ ಹಾಸಿಗೆಗೆ ನಾನು ತೆತ್ತ ಬೆಲೆ ನನ್ನ ಸಂಶೋಧನೆಯ ವಿಷಯ. ಊಟ, ವಸತಿ ಎರಡರ ಖರ್ಚೂ ಉಳಿಯುತ್ತದಲ್ಲ ಎಂದು ಒಪ್ಪಿಕೊಂಡೆ. ಮೀನಿನ ಬುಟ್ಟಿಯ ಮುಂದೆ ಚೌಕಾಸಿಯಲ್ಲಿ ಎಂದೂ ಸೋಲದವನು ಇಲ್ಲಿ ಸೋತೆ.

ನಾನು ಕುಂದಾಪುರದ ಕಡೆಯ ಬಿಜೂರಿನವನು. ಸಾವಿರದ ಒಂಬೈನೂರ ಐವತ್ತಾರರಲ್ಲಿ ನಮ್ಮೂರು ಇದ್ದಲ್ಲೇ ಇದ್ದು ಮದ್ರಾಸ್ ರಾಜ್ಯದಿಂದ ಮೈಸೂರಿಗೆ ಸೇರಿತಲ್ಲ, ಆಗ ನಮ್ಮ ಜನ ಏನೆಂದುಕೊಂಡರು ಎಂಬುದರ ಮೇಲೆ ರಾಜ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವ ಹಟ ನನ್ನದು. ಅಲಹಾಬಾದಿನ ಪ್ರೊಫೆಸರೊಬ್ಬರು ವಿಷಯ ಮೆಚ್ಚಿ ಬಾ ಎಂದಿದ್ದರು. ಪುಣೆಯಲ್ಲಿ ಹೋಟೆಲ್ ಇಟ್ಟ ಸೋದರಮಾವ ಊರಿಗೆ ಬಂದಾಗ ಅವರಿಗೆ ಹೇಳಿದೆ.

“ಅಲ್ಲ್ ನಮ್ಮರ್ ಹೋಟ್ಲ್ ಇತ್ತಾ?”

“ಇಲ್ಲ ಮಾವ.”

“ಮತ್ತೆ ಉಂಬುಕೆ ಎಂತ ಮಾಡ್ತೆ? ರಾಜ್ಯಶಾಸ್ತ್ರ ತಿಂತ್ಯಾ? ಪುಣೆಗ್ ಬಾ. ಅಲ್ಲೂ ಯುನಿವರ್ಸಿಟಿ ಇತ್ತ್.”

ನಮ್ಮವರ ಭಾರತದ ನಕ್ಷೆಯೆಂದರೆ ಹೋಟೆಲುಗಳ ನಕ್ಷೆ. ಅದನ್ನೇ ನಂಬಿ ಪುಣೆಯೊಂದಕ್ಕೇ ಅರ್ಜಿ ಹಾಕಿದೆ.

ಇಲ್ಲಿ ಹಗಲು ಓದು, ಸಂಜೆ ಗಲ್ಲಾಪೆಟ್ಟಿಗೆ. ನಾನು ಕಲಿತ ಮರಾಠಿಯೂ ಅಲ್ಲಿಯದೇ. ಗೈಡನ್ನು ಮೊದಲ ಸಲ ಕಾಣಲು ಹೋದಾಗ ಗಾಬರಿಯಲ್ಲಿ “ಕಾಯ್ ಪಾಹಿಜೆ?” ಎಂದುಬಿಟ್ಟೆ, ಏನು ಬೇಕು ಎಂದರ್ಥ. ಅವರು ನಕ್ಕು, “ಪಿಎಚ್.ಡಿ. ಬೇಕಾದದ್ದು ನನಗೋ, ನಿನಗೋ?” ಎಂದರು. ಆಮೇಲೆ ನಗಲಿಲ್ಲ. “ನನಗೆ ಕನ್ನಡ ಬಾರದು. ನಿನ್ನೂರಿನವರ ಮಾತನ್ನು ನಾನು ಹೇಗೆ ತಿದ್ದಲಿ? ಈ ನಗರದ ಆಡಳಿತದ ಮೇಲೆ ಬರೆ.” ಚೌಕಾಸಿ ಮಾಡಿ ಹೋಟೆಲ್ ಕೆಲಸಗಾರರ ಮತದಾನದ ಮೇಲೆ ಒಂದು ಅಧ್ಯಾಯ ಗಿಟ್ಟಿಸಿಕೊಂಡೆ. ನನ್ನ ಗೆಲುವು ಅಷ್ಟೇ.

ಆ ಅಧ್ಯಾಯಕ್ಕೆಂದು ಮಾವನನ್ನೂ ಕೇಳಿದೆ: “ನಿಮ್ಮ್ ಓಟ್ ಎಲ್ಲ್ ಮಾವ?”

“ಊರಂಗೆ. ಇಲ್ಲ್ ಎಂತಕ್? ನಾವ್ ನಾಕ್ ದಿನಕ್ಕ್ ಬಂದರಲ್ದಾ?”

ಪುಣೆಯಲ್ಲೇ ತಲೆ ನರೆತ ಮನುಷ್ಯ ಅವರು! ನಗು ಬಂತು. ಅಷ್ಟರಲ್ಲಿ ನನ್ನ ಹೆಸರೂ ಬಿಜೂರಿನ ಪಟ್ಟಿಯಲ್ಲೇ ಇದೆ ಎಂದು ನೆನಪಾಯಿತು. ಯಾವ ನಗರದ ಬಗ್ಗೆ ಬರೆಯುತ್ತಿದ್ದೇನೋ ಅಲ್ಲಿ ನನಗೆ ಮತವಿಲ್ಲ. ಮತವಿರುವ ಊರಿನ ಬಗ್ಗೆ ಬರೆಯಲು ಗೈಡ್ ಇಲ್ಲ. ಬಿಟ್ಟು ಹೋಗೋಣವೆಂದರೆ ಅನ್ನ ಹಾಕಿದ ಮಾವನಿಗೆ ಯಾವ ಮುಖದಲ್ಲಿ ಹೇಳಲಿ? ಊರಿಗೆ ಮರಳೋಣವೆಂದರೆ ಅಲ್ಲಿ ನನ್ನನ್ನು ಆಗಲೇ ಡಾಕ್ಟರ್ ಮಾಡಿ ಕೂರಿಸಿದ್ದಾರೆ. ಇಲ್ಲಿ ಮಾವ ಕೂಗುತ್ತಾರೆ: “ಹ್ವಾಯ್ ಡಾಕ್ಟ್ರೇ, ಆ ಮೂಲೆ ಮೇಜಿಗ್ ಎಂತ ಬೇಕ್ ಕೇಣಿ ಕಾಂಬ!” ಹೋಗಿ ಕೇಳುತ್ತೇನೆ.

ಕುಂದಾಪುರ, ಬ್ರಹ್ಮಾವರದ ಕಡೆಯಿಂದ ಅರ್ಜಿ ಹಾಕಲು ಹೊರಟವರೇ, ಮೊದಲು ಗೈಡಿಗೆ ಬರೆಯಿರಿ. ನಿಮ್ಮ ವಿಷಯಕ್ಕೆ ಹೂಂ ಅಂದರೋ, ಊರು ಯಾವುದೆಂದು ನೋಡದೆ ಅರ್ಜಿ ಹಾಕಿ. ಚಪಾತಿ ಎರಡು ತಿಂಗಳಲ್ಲಿ ರೂಢಿಯಾಗುತ್ತದೆ. ಒಂದೇ ಕಡೆ ಹಾಕಬೇಡಿ. ನೆಂಟರ ಹೋಟೆಲ್ ಇರುವ ಊರು ಕೊನೆಗಿರಲಿ. ಪುಣೆಗೆ ಬಂದರೆ ನಮ್ಮಲ್ಲಿಗೂ ಬನ್ನಿ, ಕುಚ್ಚಲಕ್ಕಿ ಅನ್ನ, ಮೀನುಸಾರು ಇದ್ದೇ ಇರುತ್ತದೆ. ಹೊಟ್ಟೆ ತುಂಬ ಉಣ್ಣಿ. ಮಾವ ಹಾಸಿಗೆ ಬಿಡಿಸುವ ಮೊದಲು ಎದ್ದುಬಿಡಿ.