ಜೀಪಿಗೆ ಔಡಲೆಣ್ಣೆ

ಬೆಳಿಗ್ಗೆ ಹುಮನಾಬಾದಿನ ನಮ್ಮ ಮನೆ ಮುಂದೆ ಒಂದು ಆಟೋ ಬಂದು ನಿಂತಿತು. ನಿಂತಿತು ಅನ್ನುವುದಕ್ಕಿಂತ ಅದರ ಬ್ರೇಕ್ ಕಿರುಚಿತು ಅನ್ನಬೇಕು. ಸೊಸೆ ಕಿವಿ ಮುಚ್ಚಿಕೊಂಡು, "ಒಂದೀಟು ಎಣ್ಣಿ ಹಾಕಬಾರದೇನೋ ಅದಕ್ಕ?" ಎಂದಳು. ಅಕ್ಕಿ ಆರಿಸುತ್ತಿದ್ದ ನಾನು ಮೊರ ಹಿಡಿದೇ ಎದ್ದು, "ಬ್ಯಾಡ! ಬ್ರೇಕಿಗಿ ಎಣ್ಣಿ ಹಾಕಬ್ಯಾಡ!" ಎಂದು ಕೂಗಿದೆ. ಆಟೋದವನು ಗಾಬರಿಯಾದ. ಮಂಡಿನೋವಿನ ಈ ಮುದುಕಿ ಇಷ್ಟು ಬೇಗ ಏಳಬಲ್ಲಳೆಂದು ನನಗೂ ಗೊತ್ತಿರಲಿಲ್ಲ.

ನಗಬೇಡಿ. ನನ್ನ ಮದುವೆಯ ಜೀಪಿನ ಕತೆ ಕೇಳಿದರೆ ನೀವೂ ಹಾಗೇ ಕೂಗುತ್ತೀರಿ.

ಅರವತ್ತರ ದಶಕದ ಮಾತು. ನನ್ನ ತವರು ಬಸವಕಲ್ಯಾಣದ ಹತ್ತಿರದ ನಾರಾಯಣಪುರ. ಸುತ್ತಲ ಹಳ್ಳಿಗಳಲ್ಲಿ ಮದುಮಗಳನ್ನು ಕರೆದೊಯ್ಯಲು ಖಾಸಿಂ ಮಾಮಾನ ಜೀಪೇ ಆಗಬೇಕು. ಜೀಪೇನು ಚೆಂದದ್ದಲ್ಲ, ಮೇಲಿನ ಹೊದಿಕೆ ಹರಿದು ಬಿಸಿಲು ಒಳಗೇ ಕೂತಿರುತ್ತಿತ್ತು. ಆದರೆ ಬ್ರೇಕಿನ ವಿಷಯದಲ್ಲಿ ಅವನ ಹೆಸರು ಅಂಥದು. ಅವನ ಅನ್ನವೇ ಆ ಹೆಸರು. ಹೊರಡುವ ಮುನ್ನ ಎಲ್ಲರನ್ನೂ ಹತ್ತಿಸಿ, "ಜರಾ ಸುಮ್ಮ ಕೂಡ್ರಿ" ಎನ್ನುತ್ತಿದ್ದ. ಸೋಬಾನೆ ಹಾಡುವವರೂ ನಿಲ್ಲಿಸಬೇಕು. ಮೆಲ್ಲಗೆ ಗಾಡಿ ಉರುಳಿಸಿ, ಬ್ರೇಕ್ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ನಮ್ಮ ಸೋದರತ್ತೆಯ ಬಾಯಿ ಮುಚ್ಚಿಸಿದ ಗಂಡಸು ಲೋಕದಲ್ಲಿ ಅವನೊಬ್ಬನೇ. ಅತ್ತೆಯ ಗಂಡನಿಗೂ ಅದು ಆಗಿರಲಿಲ್ಲ.

"ಕೀಂವ್ ಅಂದ್ರ ಧೂಳ ಕುಂತದ, ಊರ ಮುಟ್ಟಿ ತೊಳಕೋಬಹುದು," ಎನ್ನುತ್ತಿದ್ದ. "ಗರ್ರ್ ಅಂದ್ರ ಬ್ರೇಕಿನ ಪಟ್ಟಿ ಸವದು ಕಬ್ಬಿಣ ಕಬ್ಬಿಣಾನೇ ತಿನ್ನಾಕತ್ತದ. ಆವಾಗ ನಿಜಾಮ ಬಂದು ಕುಂತ್ರೂ ಗಾಡಿ ಬಿಡಂಗಿಲ್ಲ."

ನನ್ನ ಮದುವೆಯ ಮುಂಜಾನೆಯೂ ಕೇಳಿದ. ಕೀಂವ್ ಎಂದಿತು. "ಧೂಳ ಅದ, ಫಿಕರ್ ಬ್ಯಾಡ್ರಿ," ಎಂದು ಚಹಾ ಕುಡಿಯಲು ಒಳಗೆ ಹೋದ. ನನ್ನಪ್ಪ ಶರಣಪ್ಪನಿಗೆ ಮಾತ್ರ ಸಮಾಧಾನವಿಲ್ಲ. ಅಪ್ಪ ಹುಟ್ಟಿದಾಗಿನಿಂದ ಎತ್ತಿನ ಬಂಡಿ ಹೊಡೆದವನು. ಮಗಳು ಗಂಡನ ಮನೆಗೆ ಹೋಗುವ ಬಂಡಿ ಕಿರಗುಟ್ಟಿತೆಂದರೆ, ಅಚ್ಚಿಗೆ ಎಣ್ಣೆ ಹಾಕಲೂ ಜೀವ ಬಾರದ ಜಿಪುಣ ಇವನಪ್ಪಾ ಎಂದು ಬೀಗರು ಆಡಿಕೊಳ್ಳುತ್ತಿದ್ದ ಕಾಲ ಅದು. ಹೊಸ ಧೋತರದಲ್ಲೇ ಜೀಪಿನ ಕೆಳಗೆ ತೂರಿ, ಬಂಡಿಗೆ ಹಾಕುವ ಔಡಲೆಣ್ಣೆಯನ್ನು, ಅಂದರೆ ಹರಳೆಣ್ಣೆಯನ್ನು, ಗಾಲಿಗಳ ಒಳಸಂದಿಗೆಲ್ಲ ಧಾರಾಳವಾಗಿ ಹೊಯ್ದ. ಪ್ರೀತಿಯಿಂದ ಹೊಯ್ದನಪ್ಪಾ, ನನ್ನ ಮೇಲಿನ ಪ್ರೀತಿಯಿಂದ.

ಊರ ಹೊರಗೆ ಒಂದು ಎಮ್ಮೆ ಅಡ್ಡ ಬಂತು. ಮಾಮಾ ಬ್ರೇಕ್ ಒತ್ತಿದ. ಸದ್ದಿಲ್ಲ. ಗಾಡಿ ನಿಲ್ಲಲೂ ಇಲ್ಲ! ಹೆಂಗಸರೆಲ್ಲ ಬಸವಣ್ಣನನ್ನು ಕೂಗಿದರು. ಗೇರು ಇಳಿಸಿ, ಕೈಬ್ರೇಕ್ ಎಳೆದು, ಎಮ್ಮೆಯ ಕೊಂಬಿಗೆ ಗೇಣು ದೂರದಲ್ಲಿ ನಿಲ್ಲಿಸಿದ. ಎಮ್ಮೆ ನಮ್ಮನ್ನು ನೋಡಿ ಸಾವಕಾಶ ಹೋಯಿತು.

"ಮುಂಜಾನಿ ಅಳಾಕತ್ತಿದ್ದ ಕೂಸು ಯಾಕ ಸುಮ್ಮಾತು?" ಎಂದು ಮಾಮಾ ತನ್ನಷ್ಟಕ್ಕೆ ಅಂದುಕೊಂಡು ಗಾಲಿ ಬಿಚ್ಚಿದ. ಒಳಗೆ ಬೆರಳಾಡಿಸಿ ಮೂಸಿದ. ಔಡಲೆಣ್ಣೆ! ಅದಕ್ಕೇ ಪಟ್ಟಿ ಗಾಲಿಯನ್ನು ಹಿಡಿಯದೆ ಜಾರಿತ್ತು. ಹಿಂದೆ ಕೂತು ಬಂದಿದ್ದ ಅಪ್ಪನ ಧೋತರದ ಎಣ್ಣೆ ಕಲೆ ನೋಡಿದ. ಅಪ್ಪನ ಮುಖ ಬೂದಿಯಾಗಿತ್ತು. ಮುಂದೆ ಕೂತಿದ್ದ ನನಗೆ ಎಲ್ಲ ತಿಳಿಯಿತು. ಮಾಮಾ ಮಾತ್ರ ಕಲೆ ಕಾಣದವನಂತೆ ಅತ್ತ ತಿರುಗಿದ. ಪಟ್ಟಿಗಳನ್ನೆಲ್ಲ ಪೆಟ್ರೋಲಿನಲ್ಲಿ ತೊಳೆದು, ಮರಳು ಕಾಗದದಿಂದ ತಿಕ್ಕಿ ಕೂಡಿಸಿದ. ಅಷ್ಟಾದರೂ ನಂಬಿಕೆ ಸಾಲದೆ ಹುಮನಾಬಾದಿನವರೆಗೂ ಎತ್ತಿನ ನಡಿಗೆಯಲ್ಲೇ ಕರೆತಂದ.

ಮುಹೂರ್ತ ಮೀರಿತ್ತು. ಗಂಡಿನ ದೊಡ್ಡಪ್ಪ ಚಪ್ಪರದ ಬಾಗಿಲಲ್ಲೇ ನಿಂತು, "ಇದೇನ್ ಮದುವಿನೋ, ಮಸ್ಕರಿನೋ? ಯಾರದು ಈ ತಪ್ಪು?" ಎಂದು ಗರ್ಜಿಸಿದರು.

ಮಾಮಾ ಮುಂದೆ ಬಂದು ಕೈಮುಗಿದ. "ನಂದೇ ತಪ್ಪಾತ್ರಿ. ಬ್ರೇಕ್ ನೋಡೋದು ಮರತಿದ್ದೆ."

ಅಯ್ಯೋ ಶಿವನೇ! ಖಾಸಿಂ ಮಾಮಾ ಬ್ರೇಕ್ ಮರೆಯುವುದೇ? ಯಾರ ಬಾಯಲ್ಲೂ ಬಾರದ ಮಾತನ್ನು ತಾನೇ ಆಡಿಕೊಂಡನಲ್ಲ ಎಂದು ನನ್ನ ಕಣ್ಣು ತುಂಬಿತು. "ಇನ್ನ ಮ್ಯಾಲ ಇವನ ಗಾಡಿ ಯಾರೂ ಹತ್ತಬ್ಯಾಡ್ರಿ!" ಎಂದರು ದೊಡ್ಡಪ್ಪ. ನೆರೆದ ಮಂದಿ ಹೌದೆಂದು ತಲೆಯಾಡಿಸಿದರು.

ಆಗ ಅಪ್ಪ ಬಾಯಿ ಬಿಟ್ಟ. ಸಂತೆಯಲ್ಲಿ ದನಿ ಎತ್ತಿ ಚೌಕಾಶಿ ಮಾಡಲೂ ನಾಚುವ ನನ್ನಪ್ಪ! "ಸುಳ್ಳದ ಅದು. ಬ್ರೇಕಿಗಿ ಎಣ್ಣಿ ಹಾಕಿದಾಂವ ನಾನು. ಬಂಡಿ ಅಂತ ತಿಳಕೊಂಡೆ," ಎಂದ. ಚಪ್ಪರದಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮಾಮಾಗೆ ಸಿಟ್ಟೇ ಬಂತು. "ಶರಣಪ್ಪ ಕಾಕಾ, ನಾ ಮುಚ್ಚಿದ್ದ ನೀವ್ಯಾಕ ಬಿಚ್ಚಿದ್ರಿ? ಬೀಗರ ಮುಂದ ನಿಮ್ಮ ಮಾನ ಹೋಗ್ತದಲ್ಲ!"

"ನಂದು ಇವತ್ತೊಂದು ದಿನ ಹೋಗ್ತದ, ಹೋಗಲಿ. ನಿನ್ನ ಹೆಸರು ಹೋಗಬಾರದು, ನಾಳಿ ನಿನ್ನ ಗಾಡಿಯಾಗ ಮತ್ತೊಬ್ಬರ ಮಗಳು ಕೂಡೋದದ," ಎಂದ ಅಪ್ಪ.

ಗಂಡಿನ ತಂದೆ, ಅಂದರೆ ನನ್ನ ಮಾವನವರು, ಅಕ್ಷತೆ ತಟ್ಟೆ ಹಿಡಿದುಕೊಂಡು ಬಂದರು. ಮೊದಲ ಮುಷ್ಟಿಯನ್ನು ಅಪ್ಪನ ಕೈಗೆ ಹಾಕಿದರು, ಎರಡನೆಯದನ್ನು ಖಾಸಿಂ ಮಾಮಾನ ಕೈಗೆ. "ನಡೀರಿ, ಮಕ್ಕಳು ಕಾಯಾಕತ್ತಾರ," ಎಂದರು.

ಅವರು ಮೂವರೂ ಈಗಿಲ್ಲ. ಮೊಮ್ಮಗನಿಗೆ ಹೆಣ್ಣು ಹುಡುಕುತ್ತಿದ್ದೇವೆ. ಮನೆಮಂದಿ ಹೊಲ ಕೇಳುತ್ತಾರೆ, ನೌಕರಿ ಕೇಳುತ್ತಾರೆ. ನಾನು ಕೇಳುವುದು ಒಂದೇ: "ಹುಡುಗಿಯ ಅಪ್ಪ ನಾಲ್ಕು ಮಂದಿ ಎದುರು ನಂದು ತಪ್ಪಾತು ಅಂದದ್ದು ಯಾರರೇ ಕೇಳೀರೇನು?" ಮುದುಕಿಗೆ ಅರಳುಮರಳು ಎಂದು ನಗುತ್ತಾರೆ. ನಗಲಿ. ಹೌದು ಅನ್ನುವವರು ಸಿಗುವವರೆಗೂ ನಾನು ಕೇಳುವವಳೇ.