ಆರು ತುಂಬಿತೋ, ನಡೆಯುತ್ತಿದೆಯೋ

ಮರುಪರೀಕ್ಷೆಯ ವರದಿ. ಸೋಮವಾರ, ಬೆಳಿಗ್ಗೆ ಹತ್ತು ಗಂಟೆ, ಸಿರುಗುಪ್ಪ. ಹಾಜರಿದ್ದವರು: ನಾನು, ಔಷಧ ಕೌಂಟರಿನ ಶಿವಲೀಲಾ, ಗಾದಿಲಿಂಗಪ್ಪ. ಮೂರನೆಯ ಹೆಸರು ಬರೆದ ಮೇಲೆ ಕೈ ನಿಂತಿತು. ಅವರು ತೀರಿಕೊಂಡು ನಾಲ್ಕು ತಿಂಗಳಾಗಿದೆ. ಹೆಸರಿನ ಮೇಲೆ ಗೆರೆ ಎಳೆದೆ.

ಗಾದಿಲಿಂಗಪ್ಪ ಯಾವುದನ್ನು ಕೈಗೆತ್ತಿಕೊಂಡರೂ ಮೊದಲು ಅದರ ಅಂಚು ಮಗುಚಿ ನೋಡುತ್ತಿದ್ದರು. ಫೈಲು, ಮೇಜಿನ ಹಾಸು, ಕೊನೆಗೆ ಊಟದ ಡಬ್ಬಿಯ ರೊಟ್ಟಿ ಕೂಡ. ಶಿವಲೀಲಾ ರೇಗಿಸುತ್ತಿದ್ದಳು: "ಅಣ್ಣಾ, ರೊಟ್ಟಿಗೂ ಪಾಸು ಫೇಲು ಐತೇನು?" ಅವರು ಕುರುಗೋಡಿನವರು. ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಹೊಲಿಗೆ ತಪಾಸಣೆ ಮಾಡುತ್ತಿದ್ದವರು, ಆಮೇಲೆ ಸಣ್ಣ ಕಂಪನಿಯೊಂದರಲ್ಲಿ ತಂತ್ರಾಂಶ ತಪಾಸಣೆಗೆ ಬಂದರು. "ನಡುವಿನ ಬಟ್ಟಿ ಹರಿಯಂಗಿಲ್ರಿ ಸಿಸ್ಟರಮ್ಮ. ಎರಡು ತುಂಡು ಕೂಡಿದಲ್ಲೇ ಬಿಚ್ಚೋದು" ಎನ್ನುತ್ತಿದ್ದರು.

ನಾನು ನರ್ಸಾಗಿ ವಾರ್ಡುಗಳಲ್ಲಿ ಗಡಿಯಾರ ನೋಡಿ ಬದುಕಿದವಳು. ನಿವೃತ್ತಿಯ ನಂತರ ಬಳ್ಳಾರಿಯ ಮಕ್ಕಳ ಆಸ್ಪತ್ರೆಯೊಂದರಲ್ಲಿ ದಾಖಲೆ ನೋಡಿಕೊಳ್ಳುತ್ತೇನೆ. ಔಷಧದ ಚೀಟಿಯನ್ನು ಕಂಪ್ಯೂಟರೇ ಮುದ್ರಿಸಬೇಕೆಂದು ತೀರ್ಮಾನವಾದಾಗ ಅದಕ್ಕೆ ಬೇಕಾದ ಹನ್ನೊಂದು ನಿಯಮಗಳನ್ನು ಬರೆದುಕೊಟ್ಟವಳು ನಾನು. ಪರೀಕ್ಷಿಸಲು ಬಂದವರು ಅವರು. ಮೇಲಿನಿಂದ ಕೆಳಕ್ಕೆ ಒಂದೊಂದೇ ನಿಯಮ ಓದಿ ಸರಿ ಗುರುತು ಹಾಕುತ್ತಾರೆಂದು ಕಾದೆ. ಅವರು ಒಂದು ನಿಯಮಕ್ಕೆ ಹೌದು, ಇಲ್ಲ ಎಂಬ ಕೋಷ್ಟಕ ಹಾಕಿದರು. ಇನ್ನೊಂದಕ್ಕೆ ವೃತ್ತ ಬರೆದು ಬಾಣ ಎಳೆದರು. ಮತ್ತೊಂದಕ್ಕೆ ಬರೀ ಮೂರು ಅಂಕಿ ಬರೆದರು: ಐದು, ಆರು, ಏಳು. ನನಗೆ ತಲೆಬುಡ ತಿಳಿಯಲಿಲ್ಲ.

"ಎಲ್ಲದಕ್ಕೂ ಒಂದೇ ಪದ್ಧತಿ ಇರಬಾರದೇನ್ರಿ?" ಎಂದೆ.

"ಪ್ಯಾಂಟಿನ ಗುಂಡಿ ಎಳದು ನೋಡ್ತೀವಿ. ಜಿಪ್ಪು ಮ್ಯಾಲ ಕೆಳಗ ಓಡಿಸಿ ನೋಡ್ತೀವಿ. ಜಿಪ್ಪನ್ನೂ ಗುಂಡಿಯಂಗ ಎಳದ್ರ ಏನು ಗೊತ್ತಾಕೈತಿ? ಜ್ವರ ಐತೋ ಇಲ್ಲೋ, ವಾಂತಿ ಐತೋ ಇಲ್ಲೋ, ಇವೆಲ್ಲ ಕೂಡಿ ಬಂದ್ರ ಕೋಷ್ಟಕ ಬೇಕು. ಮನಿಗಿ ಹೋದ ಕೂಸಿಗೆ ವಾರ್ಡಿನ ಚೀಟಿ ಬರಬಾರದು ಅನ್ನಾಕ ಬಾಣ ಬೇಕು. ವಯಸ್ಸಿಗೆ ಅಂಚು ಸಾಕು: ಆರು, ಅದರ ಹಿಂದಿಂದು, ಮುಂದಿಂದು."

ಗುಂಡಿ ಅರ್ಥವಾಯಿತು, ಜಿಪ್ಪೂ ಅರ್ಥವಾಯಿತು. ನನ್ನ ಹನ್ನೊಂದರಲ್ಲಿ ಯಾವುದು ಗುಂಡಿ, ಯಾವುದು ಜಿಪ್ಪು ಎಂಬುದು ಮಾತ್ರ ಅರ್ಥವಾಗಲಿಲ್ಲ.

ಆಮೇಲೆ ಅವರು ಜ್ವರದ ಸಿರಪ್ಪಿನ ಬಗ್ಗೆ ನಾನು ಬರೆದ ನಾಲ್ಕನೆಯ ನಿಯಮ ಗಟ್ಟಿಯಾಗಿ ಓದಿದರು: "ಆರು ವರ್ಷದವರೆಗೆ ಅರ್ಧ ಚಮಚ. ಆರು ವರ್ಷದಿಂದ ಒಂದು ಚಮಚ. ಹಂಗಾರ ಆರಕ್ಕ ಎಷ್ಟ್ರಿ?"

"ಅರ್ಧ" ಎಂದೆ. ಎರಡನೆಯ ಸಾಲು ಕಣ್ಣಿಗೆ ಬಿತ್ತು. "ಅಲ್ಲ, ಒಂದು." ಆ ಸಾಲುಗಳನ್ನು ಎಷ್ಟೋ ವರ್ಷ ವಾರ್ಡಿನ ಗೋಡೆಯ ಮೇಲೆ ನಾನೇ ಬರೆದು ಅಂಟಿಸಿದ್ದೆ. ಯಾರೂ ಕೇಳಿರಲಿಲ್ಲ.

ಅದೇ ಹೊತ್ತಿಗೆ ಮೋಕ ಎಂಬ ಊರಿನ ತಾಯಿಯೊಬ್ಬಳು ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೌಂಟರಿಗೆ ಬಂದಳು. ವಯಸ್ಸೆಷ್ಟು ಎಂದು ಶಿವಲೀಲಾ ಕೇಳಿದಳು. "ಆರು ನಡಿತೈತ್ರಿ" ಎಂದಳು. ಶಿವಲೀಲಾ ಪರೀಕ್ಷೆಗೆಂದು ತೆರೆದಿದ್ದ ಪರದೆಯಲ್ಲೇ ಆರು ಒತ್ತಿದಳು. ಒಂದು ಚಮಚ ಎಂದು ಚೀಟಿ ಬಂತು. ಬಾಟಲಿ ತಾಯಿಯ ಕೈ ಸೇರುವಷ್ಟರಲ್ಲಿ ಗಾದಿಲಿಂಗಪ್ಪ ಕುರ್ಚಿ ಉರುಳಿಸಿ ಎದ್ದಿದ್ದರು.

"ತಡೀರಿ, ಕೊಡಬ್ಯಾಡ್ರಿ! ತಂಗಿ, ಆರು ತುಂಬೈತೋ, ನಡಿತೈತೋ?"

"ಐದು ತುಂಬಿ ಎರಡು ತಿಂಗಳಾತಣ್ಣ. ಆರು ನಡಿತೈತಿ ಅಂದ್ನೆಲ್ಲ!"

ಮಗುವಿಗೆ ಸಲ್ಲಬೇಕಾದದ್ದು ಅರ್ಧ. ಚೀಟಿ ಹರಿದು ಕೈಯಿಂದಲೇ ಬೇರೆ ಬರೆದುಕೊಟ್ಟೆ. ಹೊರಡುವಾಗ ಆ ತಾಯಿ ಪರದೆಯ ಕಡೆ ಗದ್ದ ಎತ್ತಿ ಕೇಳಿದಳು: "ನಿಮ್ಮ ಕಂಪ್ಯೂಟರಿಗೆ ಎಷ್ಟು ನಡಿತೈತ್ರಿ?" ಎಲ್ಲರಿಗಿಂತ ಜೋರಾಗಿ ನಕ್ಕವರು ಗಾದಿಲಿಂಗಪ್ಪ.

ವಯಸ್ಸು ಕೇಳುವುದನ್ನು ಬಿಟ್ಟು ಹುಟ್ಟಿದ ದಿನ ಕೇಳಬೇಕೆಂದು ಅಂದೇ ನಿಯಮ ತಿದ್ದಿದೆ. ಎಲ್ಲ ಮುಗಿಯಿತೆಂದುಕೊಂಡೆ. ಅವರು ಹಾಳೆಯಲ್ಲಿ ಮೂರು ಚೌಕ ಬರೆದರು: ನಾಳೆ ಆರು ತುಂಬುವ ಮಗು, ನಿನ್ನೆ ತುಂಬಿದ ಮಗು, ನಡುವೆ ಇವತ್ತೇ ತುಂಬಿದ ಮಗು. ನಡುವಿನದನ್ನು ಖಾಲಿ ಬಿಟ್ಟರು.

"ನೀವೇ ಏನಾದರೂ ಬರೀರಿ" ಎಂದೆ.

"ನಾ ಬರದ್ರ ಅದು ಊಹೆ ಆಕೈತ್ರಿ. ಇದನ್ನ ಡಾಕ್ಟರನ್ನ ಕೇಳಿ ನೀವ ತುಂಬಬೇಕು."

ಅದೇ ಕೊನೆಯ ಭೇಟಿ. ಆ ವಾರ ಕುರುಗೋಡಿನ ಮನೆಯಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ಹಾಳೆ ನನ್ನ ಫೈಲಿನಲ್ಲೇ ಉಳಿಯಿತು. ಬಳ್ಳಾರಿಯಲ್ಲಿ ಅಂಥ ಮಗು ಬಂದರೆ ಚೀಟಿ ನೇರ ಡಾಕ್ಟರ ಮೇಜಿಗೆ ಹೋಗುತ್ತಿತ್ತು, ಹಾಗಾಗಿ ಚೌಕ ತುಂಬುವ ಅವಸರ ಬೀಳಲಿಲ್ಲ. ನಾನೂ ಶಿವಲೀಲಾಳೂ ಈಗ ಬಂದಿರುವ ಸಿರುಗುಪ್ಪದ ಹೊಸ ಶಾಖೆಯಲ್ಲಿ ಡಾಕ್ಟರು ವಾರಕ್ಕೆ ಎರಡೇ ದಿನ.

ಇವತ್ತು ಹನ್ನೊಂದು ನಿಯಮಗಳನ್ನೂ ಮತ್ತೆ ಪರೀಕ್ಷಿಸಿದೆವು. ಪ್ರತಿಯೊಂದಕ್ಕೂ ಶಿವಲೀಲಾ ಕೇಳುತ್ತಿದ್ದಳು: "ಇದು ಗುಂಡಿನೋ, ಜಿಪ್ಪೋ ಸಿಸ್ಟರಮ್ಮ?" ಏಳನೆಯದಕ್ಕೆ ಮೊದಲು ಬಾಣ ಎಳೆದೆ, ಆಮೇಲೆ ಅಳಿಸಿ ಕೋಷ್ಟಕ ಹಾಕಿದೆ. ಸರಿಯೋ ತಪ್ಪೋ ಈಗಲೂ ತಿಳಿಯದು. ಕೇಳಲು ಅವರಿಲ್ಲ.

ಮಧ್ಯಾಹ್ನ ಡಾಕ್ಟರಿಗೆ ಫೋನು ಮಾಡಿ ನಾಲ್ಕನೆಯದನ್ನು ಕೇಳಿದೆ. ತುಂಬಿದ ದಿನದಿಂದಲೇ ಒಂದು ಚಮಚ ಎಂದರು. ಮೂರು ಹುಟ್ಟಿದ ದಿನಗಳನ್ನು ಒತ್ತಿಸಿದೆ. ಮೂರು ಚೀಟಿಗಳು ಬಂದವು: ಅರ್ಧ, ಒಂದು, ಒಂದು. ಗಾದಿಲಿಂಗಪ್ಪನವರ ಹಾಳೆ ಬಿಚ್ಚಿ ಉತ್ತರ ಬರೆದೆ. ಸಂಜೆ ಐದೂ ಹತ್ತಕ್ಕೆ ನಡುವಿನ ಚೌಕ ತುಂಬಿತು.